ದೊಡ್ಡ ಮನೆಯ ಹೆಣದ ಮುಂದೆ ನಮ್ಮ ಮನೆಯ ತಾಟು

ಬೆಳಿಗ್ಗೆ ನಳ ಬಂತು, ಕೊಡ ತುಂಬಿದೆ. ಅಂಗಳ ಗುಡಿಸಿದೆ. ನೆನೆಹಾಕಿದ್ದ ಹೆಸರುಕಾಳು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟೆ. ಅಂಗನವಾಡಿಯ ಬೀಗ ತೆಗೆದೆ, ಚಾಪೆ ಜಾಡಿಸಿದೆ, ಮಕ್ಕಳ ತೂಕ ನೋಡಿದೆ, ಫೋನಿನಲ್ಲಿ ಹಾಜರಿ ಹಾಕಿದೆ. ಸಿಗ್ನಲ್ ಇಲ್ಲದೆ ಅದು ಹೋಗಲಿಲ್ಲ, ಬಾವಿಕಟ್ಟೆಯ ತನಕ ನಡೆದು ಮತ್ತೆ ಹಾಕಿದೆ. ಮೊಟ್ಟೆ ಕುದಿಸಿ ಸುಲಿದೆ. ಒಂದು ಕೂಸಿನ ಚಡ್ಡಿ ತೊಳೆದು ಕಿಟಕಿಗೆ ಒಣಹಾಕಿದೆ. ಮಧ್ಯಾಹ್ನ ಮನೆಗೆ ಬಂದು ಜೋಳದ ಹಿಟ್ಟು ಸಾಣಿಸಲು ಕುಳಿತೆ. ದೊಡ್ಡ ಮನೆಯ ಹೆಣದ ಮೆರವಣಿಗೆಗೆ ಅಡ್ಡ ನಿಂತೆ. ತಿರುಗಿ ಬಂದು ಅರ್ಧಕ್ಕೆ ಬಿಟ್ಟ ಹಿಟ್ಟನ್ನು ಪೂರಾ ಸಾಣಿಸಿದೆ.

ನನಗೆ ಸಿಟ್ಟು ಬರುವುದು ಕಡಿಮೆ. ಸಣ್ಣ ಮಕ್ಕಳ ಜೊತೆ ಇಷ್ಟು ವರ್ಷ ಕಳೆದವಳಿಗೆ ಸಿಟ್ಟು ಬಂದರೆ ಬದುಕು ಸಾಗುವುದಿಲ್ಲ. ಆದರೆ ಇವತ್ತು ಬಂದ ಸಿಟ್ಟು ಹಿಟ್ಟು ಸಾಣಿಸಿದರೂ ಹೋಗಲಿಲ್ಲ, ಪಾತ್ರೆ ತಿಕ್ಕಿದರೂ ಹೋಗಲಿಲ್ಲ. ಬರೆದರೆ ಹೋಗುತ್ತದೆ ಎಂಬ ನಂಬಿಕೆಯೇನೂ ಇಲ್ಲ. ನಾಳೆ ಯಾರಾದರೂ "ಅಂಗನವಾಡಿ ಅಕ್ಕೋರಿಗೆ ತಲಿ ಕೆಟ್ಟಿತ್ತು" ಎಂದು ಕತೆ ಕಟ್ಟುವ ಮೊದಲು ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ನಮ್ಮೂರು ಹಾನಗಲ್ ತಾಲೂಕಿನದು, ಅಕ್ಕಿಆಲೂರಿಗೆ ಹೋಗುವ ಬಸ್ಸು ಊರ ಮುಂದೆಯೇ ನಿಲ್ಲುತ್ತದೆ. ನಮ್ಮ ಕೇರಿ ಊರಿನ ಕೊನೆಗೆ. ಮನೆಯಲ್ಲಿ ನಾನು, ಅಣ್ಣ, ಅತ್ತಿಗೆ. ಅಣ್ಣ ಗೌಂಡಿ ಕೆಲಸ ಮಾಡುತ್ತಾನೆ. ಶಿಗ್ಗಾಂವಿ, ಸವಣೂರು, ಕರೆದ ಕಡೆ ಹೋಗಿ ಗೋಡೆ ಕಟ್ಟಿ ಬರುತ್ತಾನೆ. ನಡುಮನೆಯ ಗೋಡೆಯಲ್ಲಿ ಒಂದು ಮೊಳೆ, ಆ ಮೊಳೆಗೆ ಅಪ್ಪನ ಹಲಗಿ. ಹಲಗಿ ಎಂದರೆ ಗುಂಡಗಿನ ಚೌಕಟ್ಟಿಗೆ ಚರ್ಮ ಬಿಗಿದ ವಾದ್ಯ. ಬೆಂಕಿಗೆ ಕಾಸಿ, ಎಡಗೈಯಲ್ಲಿ ಸಣ್ಣ ಕಡ್ಡಿ, ಬಲಗೈಯಲ್ಲಿ ದಪ್ಪ ಕೋಲು ಹಿಡಿದು ಬಾರಿಸುವುದು.

ಅಪ್ಪನ ಕಾಲದ ರೂಢಿ ಹೀಗಿತ್ತು. ದೊಡ್ಡ ಮನೆಯಲ್ಲಿ ಸಾವಾದರೆ ನಮ್ಮ ಕೇರಿಯವರು ಹಲಗಿ ಹಿಡಿದು ಹೋಗಬೇಕು. ಹೆಣ ಏಳುವ ತನಕ ಅವರ ಕಟ್ಟೆಯ ಕೆಳಗೆ ನಿಂತು ಬಾರಿಸಬೇಕು, ಆಮೇಲೆ ಮಣ್ಣಿನ ತನಕ ಮುಂದೆ ಮುಂದೆ ಬಾರಿಸುತ್ತ ನಡೆಯಬೇಕು. ಎಲ್ಲರ ಊಟವಾದ ಮೇಲೆ ದನದ ಕೊಟ್ಟಿಗೆಯ ಹತ್ತಿರ ಕೂರಿಸಿ ಉಣ್ಣಲಿಕ್ಕೆ ಹಾಕುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಆ ಮನೆಯ ಮುದುಕಿ ತೀರಿಕೊಂಡಳು. ಕರೆಯಲು ಬಂದ ಆಳಿಗೆ ಅಪ್ಪ ಬಾಗಿಲಲ್ಲೇ ಹೇಳಿಬಿಟ್ಟ.

"ಈ ಮನಿ ಹಲಗಿ ಇನ್ನ ಆ ಮನಿ ಹೆಣದ ಮುಂದ ಹೋಗಂಗಿಲ್ಲ. ನಾ ಸತ್ತ ಮ್ಯಾಲೂ ಹೋಗಂಗಿಲ್ಲ. ಹೋಗಿ ಹೇಳ."

ಆಮೇಲೆ ಊರ ಗಿರಣಿಯಲ್ಲಿ ನಮ್ಮ ಜೋಳ ಬೀಸಲಿಲ್ಲ. ಅವ್ವ ತಲೆಯ ಮೇಲೆ ಹೊತ್ತು ಅಕ್ಕಿಆಲೂರಿನ ಗಿರಣಿಗೆ ಒಯ್ದಳು. ಕಳೆ ತೆಗೆಯಲು ಯಾರೂ ಕರೆಯಲಿಲ್ಲ. ಅಣ್ಣ ಶಾಲೆ ಬಿಟ್ಟು ಗಾರೆ ಕಲಸಲು ಹೋದ. ಒಬ್ಬ ಹಿರಿಯರು ಬಂದು, ಹಲಗಿಯನ್ನು ಸುಟ್ಟುಬಿಡು, ಇದ್ದರೆ ತಾನೇ ಕರೆಯುತ್ತಾರೆ ಎಂದು ಅಪ್ಪನಿಗೆ ಬುದ್ಧಿ ಹೇಳಿದರಂತೆ. ಅಪ್ಪ ಸುಡಲಿಲ್ಲ. ಹಲಗಿ ಏನು ತಪ್ಪು ಮಾಡಿದೆ ಎಂದು ಕೇಳಿದ. ಕೇರಿಯ ಮದುವೆಗಳಲ್ಲಿ, ಕೂಸಿನ ಹೆಸರಿಡುವ ದಿನ ಅದನ್ನು ಇಳಿಸಿ ಬಾರಿಸುತ್ತಿದ್ದ. ಅಪ್ಪ ಹೋದ ಮೇಲೆ ಅಣ್ಣ ಅದನ್ನು ಒರೆಸಿಡುತ್ತಿದ್ದ, ಅಷ್ಟೇ.

ಹಲಗಿಯನ್ನು ಮೊಳೆಯಿಂದ ಮತ್ತೆ ಇಳಿಸಿದ್ದು ನನ್ನ ಮಕ್ಕಳಿಗಾಗಿ. ನನ್ನ ಮಕ್ಕಳು ಎಂದರೆ ಅಂಗನವಾಡಿಯವು.

ಸವಣೂರಿನಲ್ಲಿ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿ ಒಬ್ಬ ಮೇಡಮ್ಮು, ದುಡ್ಡು ಕೊಡದೆ ಬಳಸಬಹುದಾದ ಸಾಫ್ಟ್‌ವೇರುಗಳ ಬಗ್ಗೆ ಹೇಳಿದರು. ಯಾರೋ ಬರೆದಿದ್ದಾರೆ, ಹೇಗೆ ಬರೆದರು ಎಂಬುದನ್ನೂ ತೆರೆದಿಟ್ಟಿದ್ದಾರೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಆ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಕೇರಿಯಲ್ಲಿ ಹೆಪ್ಪು ಕೊಡುವುದಿಲ್ಲವೇ, ಹಾಗೆ. ಕೊಟ್ಟವರ ಮೊಸರು ಕಡಿಮೆಯಾಗುವುದಿಲ್ಲ.

ಒಂದು ಹಳೆಯ ಲ್ಯಾಪ್‌ಟಾಪ್ ಹಾನಗಲ್ಲಿನಲ್ಲಿ ಸಿಕ್ಕಿತು. ಅದರಲ್ಲಿ ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಒಂದು, ತಾಳ ಬಾರಿಸುವ ಡ್ರಮ್ ಮಷೀನ್ ಇನ್ನೊಂದು. ಡ್ರಮ್ ಮಷೀನ್ ಎಂದರೆ ಪೆಟ್ಟಿಗೆಯೇನಲ್ಲ, ಪರದೆಯ ಮೇಲೆ ಸಾಲು ಸಾಲು ಮನೆಗಳು, ಚೌಕಾಬಾರ ಆಡಲು ನೆಲದ ಮೇಲೆ ಬರೆದ ಹಾಗೆ. ಯಾವ ಮನೆ ಒತ್ತುತ್ತೀರೋ ಅಲ್ಲಿ ಏಟು ಬೀಳುತ್ತದೆ. ಎರಡನ್ನೂ ಜೊತೆಗೆ ಓಡಿಸುವುದನ್ನು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ಇದು ಶುರುವಾದರೆ ಅದು ಮಲಗಿರುತ್ತಿತ್ತು. ಅದು ಎದ್ದರೆ ನನ್ನ ಹಾಡು ಅರ್ಧ ಹೆಜ್ಜೆ ಹಿಂದೆ ಬೀಳುತ್ತಿತ್ತು. ಅವುಗಳ ಜೊತೆ ಬಂದ ಸೂಚನೆಗಳನ್ನು ಪುಸ್ತಕದ ಹಾಗೆ ಓದಿದೆ, ಬಿಟ್ಟೆ, ಮತ್ತೆ ಓದಿದೆ. ಕೊನೆಗೆ ಒಂದು ದಿನ ಉದ್ದನೆಯ ಕೀಲಿ ಒತ್ತಿದ ಕೂಡಲೇ ಎರಡೂ ಒಟ್ಟಿಗೆ ನಡೆದವು. ಅತ್ತಿಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಎತ್ತು ಪಳಗಿದವು ಅಂದಳು.

ಆದರೆ ಮಷೀನಿನಲ್ಲಿದ್ದ ಡ್ರಮ್ಮುಗಳೆಲ್ಲ ಟೀವಿಯಲ್ಲಿ ಕೇಳುವಂಥವು. ನಾನು ಕಟ್ಟಿದ ಕೋಳಿಮರಿಯ ಹಾಡಿಗೆ ಅವನ್ನು ಹಾಕಿದರೆ ಮಕ್ಕಳು ಸುಮ್ಮನೆ ಕುಳಿತು ಬೆರಳು ಚೀಪಿದವು. ಕೂಸುಗಳ ಕಾಲು ಸುಳ್ಳು ಹೇಳುವುದಿಲ್ಲ. ಅಣ್ಣನನ್ನು ಕೇಳಿದೆ. ಮೊದಲು ಬೇಡ ಅಂದ, ಆಮೇಲೆ ಮಕ್ಕಳಿಗೇನಾ ಎಂದು ಕೇಳಿ, ನಾನು ಹೌದು ಅಂದ ಮೇಲೆ ಹಲಗಿ ಇಳಿಸಿದ. ಅಂಗಳದಲ್ಲಿ ತೆಂಗಿನ ನಾರಿಗೆ ಬೆಂಕಿ ಹಚ್ಚಿ ಕಾಸಿದ. ಮೈಕು ನನ್ನ ಹತ್ತಿರ ಇರಲಿಲ್ಲ. ತಡಸದ ಕಡೆಯಿಂದ ಬಂದು ನಮ್ಮೂರ ಮದುವೆ ಮುಂಜಿಗೆಲ್ಲ ಸೌಂಡು ಹಚ್ಚುವವನೊಬ್ಬ ಇದ್ದಾನೆ, ಅವನನ್ನು ಕೇಳಿ ತಂದೆ. ಅವನೂ ಬಂದು ಕುಳಿತು, ಮೈಕನ್ನು ಎಲ್ಲಿ ಹಿಡಿಯಬೇಕೆಂದು ತೋರಿಸಿದ. ಒಳ್ಳೆಯ ಮನುಷ್ಯ.

ಮಷೀನಿಗೆ ಒಂದೊಂದೇ ಏಟು ಬೇಕು. ದಪ್ಪ ಕೋಲಿನ ಮೆಲ್ಲನೆಯ ಏಟು, ನಡುವಿನದು, ಜೋರಿನದು. ಸಣ್ಣ ಕಡ್ಡಿಯದೂ ಹಾಗೆಯೇ. ಒಂದು ಏಟು ಹೊಡೆದು ಸುಮ್ಮನಿರು ಎಂದರೆ ಅಣ್ಣನ ಕೈ ಕೇಳುತ್ತಿರಲಿಲ್ಲ, ಎರಡನೆಯದು ತಾನೇ ಬೀಳುತ್ತಿತ್ತು. ನಕ್ಕು ನಕ್ಕು ಸಾಕಾಯಿತು. ಕೊನೆಗೆ ದಪ್ಪ ಕೋಲಿನ ಜೋರು ಏಟು ಹೊಡೆದ ನೋಡಿ, ಒಳಗೆ ಸ್ಟ್ಯಾಂಡಿನಲ್ಲಿದ್ದ ಸ್ಟೀಲಿನ ತಾಟೊಂದು ಝಣ್ ಅಂದಿತು. ಮತ್ತೆ ಹೊಡೆಸಿದೆ. ತಾಟು ಸುಮ್ಮನಿತ್ತು, ಏಟಿನಲ್ಲಿ ಜೀವ ಇರಲಿಲ್ಲ. ತಾಟಿನದೇ ಇರಲಿ ಎಂದು ಇಟ್ಟುಕೊಂಡೆ. ಹಲಗಿಯ ಧಮ್ಮಿನ ಬೆನ್ನಿಗೆ ಗಮನವಿಟ್ಟು ಕೇಳಿದರೆ ಸಣ್ಣಗೆ ಝಣ್. ಮಕ್ಕಳಿಗೆ ಅದೇ ಪ್ರೀತಿಯಾಯಿತು. ಕೋಳಿಮರಿಯ ಹಾಡು ಹಚ್ಚಿದರೆ ಝಣ್ಣಿಗೆ ಸರಿಯಾಗಿ ಕುಪ್ಪಳಿಸುತ್ತಿದ್ದವು.

ಸೌಂಡಿನವನು ಕೇಳಿ ಖುಷಿಪಟ್ಟ. ತನಗೂ ಒಂದು ಕಾಪಿ ಬೇಕು ಅಂದ. ಕೊಟ್ಟೆ. ನನಗೆ ಪುಕ್ಕಟೆ ಬಂದದ್ದರಲ್ಲಿ ಮಾಡಿದ್ದು, ಪುಕ್ಕಟೆಯೇ ಹೋಗಲಿ ಎಂಬುದು ನನ್ನ ಲೆಕ್ಕ. ಮದುವೆಗೆ ಹಾಕುತ್ತಾನೆ, ಗಣಪತಿಗೆ ಹಾಕುತ್ತಾನೆ, ನಾಲ್ಕು ಜನ ಕುಣಿಯುತ್ತಾರೆ ಅಂದುಕೊಂಡೆ.

ನಿನ್ನೆ ದೊಡ್ಡ ಮನೆಯ ಯಜಮಾನರು ತೀರಿಕೊಂಡರು. ಅಪ್ಪ ಯಾರ ಹೆಣಕ್ಕೆ ಒಲ್ಲೆ ಅಂದಿದ್ದನೋ ಆ ಮುದುಕಿಯ ಮಗ. ವಯಸ್ಸಾಗಿತ್ತು, ಮಲಗಿದಲ್ಲೇ ಹೋದರಂತೆ. ಸತ್ತವರ ಮೇಲೆ ನನಗೇನೂ ಇಲ್ಲ. ಹಲಗಿ ಬಾರಿಸಲು ಹಿರೇಕೆರೂರಿನ ಕಡೆಯ ಒಂದು ಮೇಳಕ್ಕೆ ಫೋನು ಮಾಡಿದ್ದರಂತೆ. ಅವರು ಮದುವೆಗೆ ಬರುತ್ತೇವೆ, ಉತ್ಸವಕ್ಕೆ ಬರುತ್ತೇವೆ, ಕುರ್ಚಿ ಹಾಕಿದರೆ ಕುಳಿತು ಉಣ್ಣುತ್ತೇವೆ, ಹೆಣದ ಮುಂದೆ ಬರುವುದಿಲ್ಲ ಅಂದರಂತೆ. ಇದನ್ನು ಬೆಳಿಗ್ಗೆ ನಳದ ಹತ್ತಿರ ಕೇಳಿ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಅಪ್ಪ ಒಬ್ಬನೇ ಅಂದದ್ದನ್ನು ಈಗ ಊರೂರಿನವರು ಅನ್ನುತ್ತಿದ್ದಾರೆ ಎಂದು.

ಮಧ್ಯಾಹ್ನ ಅಣ್ಣ ಊಟಕ್ಕೆ ಬಂದಿದ್ದ. ಕೆಲಸ ಊರಲ್ಲೇ ಇತ್ತು. ನಾನು ಹಿಟ್ಟು ಸಾಣಿಸುತ್ತ ಕುಳಿತಿದ್ದೆ. ದೂರದಲ್ಲಿ ಹಲಗಿ ಕೇಳಿತು. ಅಂತೂ ಯಾರನ್ನೋ ಹಿಡಿದು ತಂದರು ಅಂದುಕೊಂಡೆ. ಸಾವಿನ ಬಡಿತ, ತಪ್ಪದೆ ಅದೇ: ಎರಡು ದಪ್ಪ, ಒಂದು ಬಿಡುವು, ಸಣ್ಣ ಕಡ್ಡಿಯ ಓಟ. ಹತ್ತಿರ ಬಂತು. ಅಣ್ಣನ ಕೈ ತುತ್ತಿನೊಂದಿಗೆ ನಿಂತಿತು.

"ತಾಟು," ಅಂದ.

ಆಗ ನನಗೂ ಕೇಳಿತು. ಧಮ್ಮಿನ ಬೆನ್ನಿಗೆ ಝಣ್. ಪ್ರತಿ ಧಮ್ಮಿಗೂ ಝಣ್. ಅತ್ತಿಗೆ ತಿರುಗಿ ಸ್ಟ್ಯಾಂಡಿನ ಕಡೆ ನೋಡಿದಳು. ತಾಟುಗಳು ಅಲ್ಲೇ ಇದ್ದವು. ಅಣ್ಣ ಇಲ್ಲೇ ಕುಳಿತಿದ್ದ. ಹಲಗಿ ಮೊಳೆಯ ಮೇಲಿತ್ತು. ಆದರೂ ನಮ್ಮ ಹಲಗಿ ದೊಡ್ಡ ಮನೆಯ ಹೆಣದ ಮುಂದೆ ಹೋಗುತ್ತಿತ್ತು.

ಸೆರಗಿನ ಹಿಟ್ಟನ್ನೂ ಜಾಡಿಸಲಿಲ್ಲ, ಎದ್ದು ನಡೆದೆ. ಮೆರವಣಿಗೆ ಬಾವಿಕಟ್ಟೆ ದಾಟಿ ತಿರುವಿಗೆ ಬಂದಿತ್ತು. ಮುಂದೆ ಸೌಂಡಿನವನ ಗಾಡಿ, ಅದರ ಮೇಲೆ ಆಳೆತ್ತರದ ಸ್ಪೀಕರುಗಳು. ಹಿಂದೆ ಹೂವಿನ ವಿಮಾನದಲ್ಲಿ ಕೂರಿಸಿದ ಹೆಣ, ಭಜನೆಯವರು, ಊರವರು. ಗಾಡಿಯ ಮೂತಿಗೆ ಅಡ್ಡ ನಿಂತೆ. ಡ್ರೈವರು ಹಾರ್ನು ಒತ್ತಿದ, ನಾನು ಸರಿಯಲಿಲ್ಲ. ಮೇಲೆ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಸೌಂಡಿನವನು ನನ್ನನ್ನು ನೋಡಿ ನಕ್ಕ. ಹೊಗಳಲು ಬಂದಿದ್ದೇನೆ ಅಂದುಕೊಂಡಿದ್ದ.

"ಅಕ್ಕೋರ, ನಿಮ್ಮದ ಹಚ್ಚೇನ್ರಿ. ಚಲೋ ಕೇಳಸಾಕತ್ತೈತಿಲ್ರಿ?"

ಬಂದ್ ಮಾಡು ಅಂದೆ. ಅವನಿಗೆ ತಿಳಿಯಲಿಲ್ಲ. ಇನ್ನೂ ಬಗ್ಗಿ ವಿವರಿಸಿದ: ಮಷೀನ್ ಬಡಿದ ಹಾಗೆ ಕೇಳಬಾರದೆಂದು ಪರದೆಯ ಮೇಲಿನ ಒಂದು ಗುಂಡಿಯನ್ನೂ ತಿರುಗಿಸಿದ್ದಾನಂತೆ. ಆ ಗುಂಡಿ ನನಗೆ ಗೊತ್ತು. ಅದನ್ನು ತಿರುಗಿಸಿದರೆ ಏಟುಗಳು ಕೂದಲೆಳೆಯಷ್ಟು ಹಿಂದು ಮುಂದಾಗಿ, ಮನುಷ್ಯ ಬಾರಿಸಿದ ಹಾಗೆಯೇ ಕೇಳುತ್ತದೆ. ಅಲ್ಲಿ ನನ್ನ ಸಿಟ್ಟು ನೆತ್ತಿಗೇರಿತು. ಕೊಟ್ಟಿಗೆಯ ಹತ್ತಿರ ಕೂರಿಸಿ ಉಣ್ಣಿಸುವುದಕ್ಕೂ ಮನುಷ್ಯ ಬೇಡವಾದ. ಆದರೆ ಅವನ ಕೈ ತಪ್ಪುವುದು ಬೇಕು, ಅವನು ದಣಿಯುವುದು ಬೇಕು, ಅಷ್ಟನ್ನು ಗುಂಡಿ ತಿರುಗಿಸಿ ತೆಗೆದುಕೊಳ್ಳುತ್ತಾರೆ.

ಅಷ್ಟರಲ್ಲಿ ಹಿಂದಿನಿಂದ ಸತ್ತವರ ದೊಡ್ಡ ಮಗ ಬಂದ. ನನಗಿಂತ ಸ್ವಲ್ಪ ದೊಡ್ಡವನು. ದನಿ ಏರಿಸಲಿಲ್ಲ, ಮರ್ಯಾದೆ ಕೊಟ್ಟೇ ಮಾತಾಡಿದ. ಆ ಮನೆಯವರು ಯಾವಾಗಲೂ ಹಾಗೆ, ಮರ್ಯಾದೆಯಿಂದಲೇ ದೂರ ನಿಲ್ಲಿಸುತ್ತಾರೆ.

"ಅಕ್ಕೋರ, ಸಾವಿನ ಹೊತ್ತಿನ್ಯಾಗ ತಕರಾರ ಬ್ಯಾಡ್ರಿ. ನಿಮ್ಮ ಮಂದೀನ ಯಾರೂ ಕರದಿಲ್ಲ. ಒಲ್ಲೆವು ಅಂದ್ರಿ, ಬಿಟ್ವಿ. ಇದು ಮಷೀನ್ ಬಡಿಯಾಕತ್ತೈತಿ. ಮಷೀನಿಗೂ ಕೇರಿ ಐತೇನ್ರಿ?"

ಹಿಂದೆ ಯಾರೋ ನಕ್ಕರು. ಹೆಣದ ಹತ್ತಿರ ನಿಂತವರೂ ನಕ್ಕರು.

ನನಗೆ ಅಪ್ಪನ ಮಾತು ಹೇಳಬೇಕಿತ್ತು. ಈ ಹಲಗಿ ಬರುವುದಿಲ್ಲ ಎಂದು ಅಪ್ಪ ಅಂದದ್ದು, ಅದಕ್ಕೆ ಅವ್ವನ ತಲೆ ಹೊತ್ತದ್ದು, ಅಣ್ಣನ ಶಾಲೆ ಹೋದದ್ದು, ಎಲ್ಲ. ನಾಲಿಗೆಯ ಮೇಲೆ ಅದಿತ್ತು. ಬಾಯಿಗೆ ಬಂದದ್ದು ಬೇರೆ.

"ಐತ್ರಿ," ಅಂದೆ. "ಕಿವಿಗೊಟ್ಟ ಕೇಳ್ರಿ. ಹಲಗಿ ಹಿಂದ ಝಣ್ ಅನ್ನಾಕತ್ತೈತಲ್ರಿ, ಅದು ನಮ್ಮ ಅಡಗಿಮನಿ ತಾಟು. ನಾವು ದಿನಾ ಉಣ್ಣೂ ತಾಟು. ನಿಮ್ಮಪ್ಪಾರು ಬದುಕಿದ್ದಾಗ ಅದ್ರಾಗ ಒಂದು ಗುಟುಕು ನೀರು ಮುಟ್ಟಲಿಲ್ಲ. ಈಗ ಅದರ ಸಪ್ಪಳದಾಗ ಕಳಸಾಕತ್ತೀರಿ. ಕಳಸ್ರಿ."

ಎಲ್ಲರೂ ಕಿವಿಗೊಟ್ಟು ಕೇಳಿದರು. ಧಮ್, ಝಣ್. ಧಮ್, ಝಣ್. ಅಲ್ಲಿಯವರೆಗೆ ಯಾರಿಗೂ ಕೇಳದಿದ್ದದ್ದು ಈಗ ಎಲ್ಲರಿಗೂ ಅದೊಂದೇ ಕೇಳಿತು. ದೊಡ್ಡ ಮನೆಯ ಹೆಂಗಸರೊಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಬ್ಬ ಹಿರಿಯ ಮುಂದೆ ಬಂದು, ಇಂಥ ವೇಳೆಯಲ್ಲಿ ಅದೆಲ್ಲ ಬೇಡ, ತೆಗಿ ಅದನ್ನು ಎಂದು ಸೌಂಡಿನವನಿಗೆ ಹೇಳಿದ. ಮಗನೂ ಕೈ ಬೀಸಿದ. ಸೌಂಡು ನಿಂತಿತು. ಗಾಡಿಯನ್ನು ಹಿಂದಕ್ಕೆ ತೆಗೆಸಿ ಪಕ್ಕಕ್ಕೆ ನಿಲ್ಲಿಸಿದರು. ಭಜನೆಯವರ ತಾಳದಲ್ಲೇ ಹೆಣ ಮುಂದೆ ಹೋಯಿತು. ನನ್ನ ಪಕ್ಕದಿಂದ ಹೋಗುವಾಗ ಜನ ಸ್ವಲ್ಪ ಸರಿದು ಹೋದರು.

ನನಗೆ ಬೇಕಾದದ್ದು ಆಯಿತು. ಅಪ್ಪನ ಮಾತು ಉಳಿಯಿತು. ಆದರೆ ಉಳಿದದ್ದು ಹೇಗೆ? ಅಪ್ಪ ಒಲ್ಲೆ ಅಂದಿದ್ದ ಎಂದು ಅವರು ನಿಲ್ಲಿಸಲಿಲ್ಲ. ನಮ್ಮ ತಾಟು ಎಂದು ಹೇಸಿ ನಿಲ್ಲಿಸಿದರು. ಅವರಿಗೆ ಚರ್ಮದ ಸಪ್ಪಳ ಆಗುತ್ತದೆ, ಅನ್ನದ ತಾಟಿನ ಸಪ್ಪಳ ಆಗುವುದಿಲ್ಲ. ತಿರುಗಿ ಬರುವಾಗ ಬೇವಿನ ಗಿಡದ ಕೆಳಗೆ ಅಣ್ಣ ನಿಂತಿದ್ದ, ಕೈ ತೊಳೆಯದೆ ಬಂದಿದ್ದ, ಅನ್ನ ಬೆರಳಿನಲ್ಲೇ ಒಣಗಿತ್ತು. ಎಲ್ಲ ಕೇಳಿಸಿಕೊಂಡಿದ್ದ. ನಾನು ಏನಾದರೂ ಹೇಳು ಅಂದೆ. ಹಿಟ್ಟು ಹತ್ತಿದೆ ಮುಖಕ್ಕೆ, ಒರೆಸಿಕೋ ಅಂದ.

ನನಗೆ ಅವನ ಮೇಲೂ ಸಿಟ್ಟು ಬಂತು. ಮನೆಗೆ ಬಂದು ಸಾಣಿಗೆ ಹಿಡಿದು ಕುಟ್ಟಿದ್ದಕ್ಕೆ ಹಿಟ್ಟೆಲ್ಲ ನೆಲಕ್ಕೆ ಚೆಲ್ಲಿತು. ಅತ್ತಿಗೆ ಬಳಿದು ತೆಗೆದಳು, ನಾನು ಮತ್ತೆ ಸಾಣಿಸಿದೆ.

ಸಂಜೆ, ದೀಪ ಹಚ್ಚುವ ಮೊದಲು, ಸೌಂಡಿನವನು ನಮ್ಮ ಮನೆಗೆ ಬಂದ. ಮುಖ ಸಣ್ಣಗಾಗಿತ್ತು. ಅತ್ತಿಗೆ ಚಹಾ ಕೊಟ್ಟಳು, ಕುಡಿದ. ಅವನು ನಮ್ಮ ಮನೆಯಲ್ಲಿ ಯಾವತ್ತೂ ಕುಡಿಯುತ್ತಾನೆ, ಅದನ್ನೂ ಬರೆಯಬೇಕು. ತನಗೆ ಅಪ್ಪನ ವಿಷಯ ಗೊತ್ತಿರಲಿಲ್ಲ, ತಾನು ಬೇರೆ ಊರವನು ಅಂದ. ಅದು ನಿಜ. ತಪ್ಪಾಯಿತು ಅಂದ. ನನ್ನ ಸಿಟ್ಟು ಅರ್ಧ ಇಳಿಯಿತು. ಆಗ ಅವನು ಲೋಟ ಕೆಳಗಿಟ್ಟು, ಬಂದ ಕಾರಣದ ಮಾತು ತೆಗೆದ. ದೊಡ್ಡ ಮನೆಯವರು ದಿನಕರ್ಮದ ಮೆರವಣಿಗೆಗೂ ಅವನಿಗೇ ಹೇಳಿದ್ದಾರೆ. ಹಲಗಿ ಬೇಕೇ ಬೇಕು ಅಂದಿದ್ದಾರೆ, ಅವರ ಮನೆತನದ ಪದ್ಧತಿ ಅದು.

"ಅದಕ್ಕರಿ ಅಕ್ಕೋರ, ತಾಟಿನ ಸಪ್ಪಳ ಇಲ್ಲದ್ದೊಂದು ಏಟು ಕೊಟ್ರ ನನ್ನ ಕೆಲಸ ಆಕ್ಕೈತ್ರಿ. ಒಂದ ಏಟು."

ನಾನು ಬಾಯಿ ತೆರೆದೆ. ಏನು ಬರುತ್ತಿತ್ತೋ ಗೊತ್ತಿಲ್ಲ. ಅಣ್ಣ ಕೈ ಅಡ್ಡ ಮಾಡಿದ.

"ಮೈಕ್ ತಂದೀ ಏನು?" ಎಂದು ಕೇಳಿದ.

ತಂದಿದ್ದ. ಗಾಡಿಯಲ್ಲಿತ್ತು. ಓಡಿ ಹೋಗಿ ತಂದ. ಅಣ್ಣ ಮೊಳೆಯಿಂದ ಹಲಗಿ ಇಳಿಸಿದ. ಏನು ಮಾಡುತ್ತಿದ್ದೀ ಎಂದು ನಾನು ಕೇಳಿದೆ, ಅವನು ಕೇಳಿಸಿಕೊಳ್ಳಲಿಲ್ಲ. ಅಂಗಳದಲ್ಲಿ ನಾರಿನ ಬೆಂಕಿ ಮಾಡಿ, ಅವಸರವಿಲ್ಲದೆ, ಸುತ್ತಲೂ ತಿರುಗಿಸಿ ಕಾಸಿದ. ಬೆರಳಿನಿಂದ ತಟ್ಟಿ ನೋಡಿದ. ಅತ್ತಿಗೆಗೆ ಹೇಳಿ ತಾಟುಗಳನ್ನೆಲ್ಲ ಸ್ಟ್ಯಾಂಡಿನಿಂದ ತೆಗೆಸಿ ಹಾಸಿಗೆಯ ಮೇಲೆ ಇಡಿಸಿದ. ಸೌಂಡಿನವನು ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಮೈಕು ಹಿಡಿದು, ಹೂಂ ಅಂದ.

ಅಣ್ಣ ದಪ್ಪ ಕೋಲಿನಿಂದ ಒಂದು ಜೋರು ಏಟು ಹೊಡೆದ. ಏಟಿನ ಜೊತೆಗೇ ಅಂದ: "ದೊಡ್ಡ ಮನಿಗಲ್ಲ."

ಸೌಂಡಿನವನು, ಏಟಿನಲ್ಲಿ ಮಾತೂ ಸೇರಿತು, ಮತ್ತೊಮ್ಮೆ ಹೊಡೆಯಿರಿ ಅಂದ. ಅಣ್ಣ ನಡುವಿನ ಏಟು ಹೊಡೆದ. "ದೊಡ್ಡ ಮನಿಗಲ್ಲ." ಮೆಲ್ಲನೆಯದು ಹೊಡೆದ. ಮೆಲ್ಲಗೆ ಅಂದ. "ದೊಡ್ಡ ಮನಿಗಲ್ಲ." ಸಣ್ಣ ಕಡ್ಡಿಯದಕ್ಕೂ ಬಿಡಲಿಲ್ಲ. ಮುಖದಲ್ಲಿ ನಗುವಿರಲಿಲ್ಲ, ಗೋಡೆಗೆ ತೂಗುಗುಂಡು ಬಿಟ್ಟು ನೋಡುವಾಗ ಇರುತ್ತದಲ್ಲ, ಆ ಮುಖ.

ಸೌಂಡಿನವನು ಹೆಡ್‌ಫೋನು ತೆಗೆದು ಕುತ್ತಿಗೆಗೆ ಇಳಿಸಿದ.

"ಅಣ್ಣಾರ, ಹಿಂಗ ಮಾಡಿದ್ರ ಹೆಂಗ್ರಿ?"

"ತಾಟಿನ ಸಪ್ಪಳ ಬ್ಯಾಡ ಅಂದಿ. ತಗದು ಕೊಟ್ಟೇನಲ್ಲ," ಅಂದ ಅಣ್ಣ. "ಒಯ್ಯಿ. ಪುಕ್ಕಟೆ."

ಅತ್ತಿಗೆ ಒಳಗೆ ಕೆಮ್ಮಿದಳು, ನಗುವನ್ನು ಹಾಗೆ ಮುಚ್ಚಿದ್ದು. ಸೌಂಡಿನವನು ಮೈಕಿನ ವೈರು ಸುತ್ತಿಟ್ಟ. ಆಮೇಲೆ ತನ್ನ ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿ, ನಾನು ಕೊಟ್ಟಿದ್ದ ಏಟುಗಳನ್ನೆಲ್ಲ ನನ್ನೆದುರೇ ಅಳಿಸಿದ. ಪೆನ್‌ಡ್ರೈವಿನದನ್ನೂ ಅಳಿಸಿದ. ಬೇರೆ ಎಲ್ಲಿಯಾದರೂ ಇದೆಯೋ, ಬಂಕಾಪುರದ ಇನ್ನೊಬ್ಬ ಸೌಂಡಿನವನಿಗೆ ಕೊಟ್ಟಿದ್ದಾನೋ, ನಾನು ಕೇಳಲಿಲ್ಲ. ಕೇಳಿದರೆ ಇಲ್ಲ ಅನ್ನುತ್ತಿದ್ದ, ಅದನ್ನು ನಂಬುವುದೋ ಬಿಡುವುದೋ ಎಂಬ ಇನ್ನೊಂದು ಕೆಲಸ ನನಗೆ ಬೇಕಾಗಿರಲಿಲ್ಲ. ಹೆಪ್ಪು ಕೊಟ್ಟಾಗಿತ್ತು, ಎಲ್ಲೆಲ್ಲಿ ಮೊಸರಾಗಿದೆಯೋ.

ಕೊಡುವುದನ್ನು ಬಿಡುತ್ತೇನೆಯೇ? ಬಿಡುವುದಿಲ್ಲ. ಶಿಗ್ಗಾಂವಿಯ ಒಬ್ಬ ಅಂಗನವಾಡಿಯವಳು ಕೋಳಿಮರಿಯ ಹಾಡು ಕೇಳಿದ್ದಾಳೆ, ಅವಳಿಗೆ ನಾಳೆ ಕಳಿಸುತ್ತೇನೆ, ಹಲಗಿಯ ಏಟುಗಳ ಸಮೇತ. ಆ ಝಣ್ಣನ್ನು ತೆಗೆದು ಹಾಕಲು ಬರುತ್ತದೆ, ಏಟಿನ ಬಾಲವನ್ನು ಕತ್ತರಿಸಿದರೆ ಆಯಿತು. ಕತ್ತರಿಸುವುದಿಲ್ಲ. ಅದು ಇರುವಷ್ಟು ದಿನ ಆ ಏಟು ಯಾರ ಮನೆಯದೆಂದು ಗೊತ್ತಿರುತ್ತದೆ, ಬೇಕಾದವರು ಅದರೊಂದಿಗೇ ತೆಗೆದುಕೊಳ್ಳಲಿ. ದಿನಕರ್ಮಕ್ಕೆ ಅವರು ಇನ್ನೆಲ್ಲಿಂದಲೋ ಹಲಗಿ ತರುತ್ತಾರೆ, ಅದೂ ನನಗೆ ಗೊತ್ತು. ಅದು ನಮ್ಮ ಹಲಗಿ ಆಗಿರುವುದಿಲ್ಲ. ಅಪ್ಪ ಅಂದದ್ದು ಅಷ್ಟೇ, ನಾನು ಕಾಯಬೇಕಾದದ್ದೂ ಅಷ್ಟೇ. ಆದರೂ ಇದನ್ನು ಬರೆಯುವಾಗ ಪೆನ್ನು ಹಾಳೆಗೆ ಒತ್ತಿ ಒತ್ತಿ ಹಿಂಬದಿಯಲ್ಲಿ ಉಬ್ಬು ಎದ್ದಿದೆ.

ಹಾಸಿಗೆಯ ಮೇಲಿನ ತಾಟುಗಳನ್ನು ತಂದು ಅದರಲ್ಲೇ ಬಡಿಸಿದೆ. ಜೋಳದ ರೊಟ್ಟಿ, ಮೊಳಕೆ ಬಂದ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ಹಿಟ್ಟು ಎರಡು ಸಲ ಸಾಣಿಸಿದ್ದರಿಂದ ರೊಟ್ಟಿ ಮೆತ್ತಗೆ ಬಂದಿತ್ತು, ಅತ್ತಿಗೆ ಹೇಳಿದಳು. ಅಣ್ಣ ಮಧ್ಯಾಹ್ನದ್ದೂ ಸೇರಿಸಿ ಉಂಡ. ಮೊದಲು ಮಲಗಿದವನೂ ಅವನೇ, ಗೋಡೆಯ ಕಡೆ ಮುಖ ಮಾಡಿ. ಕಾಸಿದ ಹಲಗಿಯ ಬಿಸಿ ಇನ್ನೂ ಆರಿರಲಿಲ್ಲ.